ಸಹಯಾತ್ರಿಯ ಸಮ್ಮತಿ

ಪ್ರಯಾಣವು ಹೊರಡುವವನ ಇಚ್ಛೆಯಿಂದ ಆರಂಭವಾಗುತ್ತದೆ. ಜೊತೆಯಲ್ಲಿ ಹೊರಡುವವರು ಮನುಷ್ಯರಾದರೆ ಅವರ ಒಪ್ಪಿಗೆಯನ್ನು ಕೇಳುವುದುಂಟು. ಅವರು ಒಪ್ಪದಿದ್ದರೆ ವಾದಿಸುವುದುಂಟು, ಒಲಿಸುವುದುಂಟು, ಕೊನೆಗೆ ಬಿಟ್ಟು ಹೋಗುವುದೂ ಉಂಟು. ಜೊತೆಗಿರುವುದು ಮಾತು ಬಾರದ ಪ್ರಾಣಿಯಾದಾಗ ಈ ಕ್ರಮವೆಲ್ಲ ತಪ್ಪಿಹೋಗುತ್ತದೆ. ಗಾಡಿಯ ಬಾಗಿಲು ತೆರೆದೊಡನೆ ಬಾಲವಾಡಿಸುತ್ತ ಒಳಗೆ ಜಿಗಿದ ನಾಯಿಯನ್ನು ನೋಡಿ, ‘ಇದಕ್ಕೂ ಹೊರಡುವ ಉತ್ಸಾಹವಿದೆ’ ಎಂದು ಒಡೆಯನು ಸಂತೋಷಪಡುತ್ತಾನೆ. ನಾಯಿಗಿರುವುದು ಒಡೆಯನೊಡನೆ ಇರುವ ಉತ್ಸಾಹ. ಎರಡು ಸಾವಿರ ಕಿಲೋಮೀಟರಿನ ದಾರಿಗೆ, ಕಡಲಿನ ದಾಟುವಿಕೆಗೆ, ಅಪರಿಚಿತ ನೆಲದಲ್ಲಿ ಕಳೆಯುವ ಮೂರು ತಿಂಗಳಿಗೆ ಅದು ಒಪ್ಪಿಗೆ ಕೊಟ್ಟಿದೆಯೆಂದು ಹೇಳಲು ಬರುವುದಿಲ್ಲ. ಕೊಟ್ಟಿಲ್ಲವೆಂದು ಹೇಳಲೂ ಬರುವುದಿಲ್ಲ. ಕೇಳುವ ಉಪಾಯವೇ ಇಲ್ಲ. ಒಪ್ಪಿಗೆಯನ್ನು ಕೇಳಲಾಗದ ಜೀವವನ್ನು ತನ್ನ ಸುಖಕ್ಕಾಗಿ ದೂರಕ್ಕೆ ಒಯ್ಯುವವನ ಹೊಣೆ ಎಷ್ಟರ ಮಟ್ಟಿನದು ಎಂಬುದು ವಿಚಾರಕ್ಕೆ ಅರ್ಹವಾದ ಪ್ರಶ್ನೆಯಾಗಿದೆ.

ಇಂದು ಈ ಪ್ರಶ್ನೆಯು ಬಹು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಬ್ರಿಟನ್ನಿನ ನಿವೃತ್ತರಲ್ಲಿ ಬೆಳೆದಿರುವ ಒಂದು ರೂಢಿಯಲ್ಲಿ. ಡಿಸೆಂಬರ್ ತಿಂಗಳಲ್ಲಿ ಮ್ಯಾಂಚೆಸ್ಟರ್ ನಗರಕ್ಕೆ ದಿನದಲ್ಲಿ ಏಳೂವರೆ ಗಂಟೆಗಳಷ್ಟು ಮಾತ್ರ ಹಗಲು. ಸ್ಪೇನ್ ದೇಶದ ದಕ್ಷಿಣ ತೀರದ ಅಲ್ಮೇರಿಯಾದಲ್ಲಿ ಅದೇ ದಿನ ಒಂಬತ್ತೂವರೆ ಗಂಟೆಗೂ ಹೆಚ್ಚು ಬೆಳಕಿರುತ್ತದೆ. ಜನವರಿಯ ಮಧ್ಯಾಹ್ನವೂ 16-17 ಡಿಗ್ರಿ ಸೆಲ್ಸಿಯಸ್ ಇರುವುದು ಅಲ್ಲಿ ಸಾಮಾನ್ಯ. ಆದ್ದರಿಂದ ಅಲ್ಲಿನ ಅನೇಕ ವೃದ್ಧ ದಂಪತಿಗಳು ಮೋಟಾರ್‌ಹೋಮ್ ಎಂಬ ಮನೆ-ಗಾಡಿಯಲ್ಲಿ ಚಳಿಗಾಲವನ್ನು ಕಳೆಯಲು ಸ್ಪೇನ್, ಪೋರ್ಚುಗಲ್‌ಗಳ ಕಡೆಗೆ ಹೊರಡುತ್ತಾರೆ. ಆರೇಳು ಮೀಟರ್ ಉದ್ದದ ಆ ಗಾಡಿಯೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚದ ವ್ಯವಸ್ಥೆ ಎಲ್ಲವೂ ಇರುತ್ತವೆ. ಲಂಡನ್, ಲೆಸ್ಟರ್‌ಗಳಲ್ಲಿ ಬಂಧುಗಳಿರುವ ವಾಚಕರು ಇಂತಹ ಗಾಡಿಗಳು ಮನೆಗಳ ಮುಂದೆ ನಿಂತಿರುವುದನ್ನು ನೋಡಿರಬಹುದು. ಹೊರಡುವವರಲ್ಲಿ ಹಲವರ ಜೊತೆಗೆ ಒಂದು ನಾಯಿಯೂ ಇರುತ್ತದೆ.

ಹಿಂದೆ ಇದು ಸಾಧ್ಯವಿರಲಿಲ್ಲ. ಹುಚ್ಚುನಾಯಿ ರೋಗವು ದ್ವೀಪದೊಳಗೆ ಬಾರದಿರಲೆಂದು, ಹೊರಗಿನಿಂದ ಬಂದ ನಾಯಿಯನ್ನು ಆರು ತಿಂಗಳು ಪ್ರತ್ಯೇಕ ಬಂಧನದಲ್ಲಿಡುವ ಕಟ್ಟಳೆ ಬ್ರಿಟನ್ನಿನಲ್ಲಿತ್ತು. 2000ದ ಫೆಬ್ರವರಿ 28ರಂದು ಪ್ರಾಣಿಗಳ ಪ್ರಯಾಣ ಯೋಜನೆ ಆರಂಭವಾದ ಮೇಲೆ, ಲಸಿಕೆ ಮತ್ತು ದಾಖಲೆಗಳು ಸರಿಯಾಗಿರುವ ನಾಯಿಗೆ ಆ ಬಂಧನ ತಪ್ಪಿತು. ಅಲ್ಲಿಯವರೆಗೆ ನಾಯಿಯನ್ನು ಒಯ್ಯಬೇಕೆ ಬೇಡವೆ ಎಂಬ ಪ್ರಶ್ನೆಗೆ ಕಾನೂನೇ ಉತ್ತರ ಕೊಟ್ಟುಬಿಟ್ಟಿತ್ತು. ಒಡೆಯನ ಮನಸ್ಸಾಕ್ಷಿಗೆ ಕೆಲಸವಿರಲಿಲ್ಲ. ಕಾನೂನು ಬಾಗಿಲು ತೆರೆದ ದಿನವೇ ನೀತಿಯ ಪ್ರಶ್ನೆಯೂ ಒಳಗೆ ಬಂದಿತು.

ಉತ್ತರ ಇಂಗ್ಲೆಂಡಿನ ಒಂದು ದಂಪತಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಗಂಡನಿಗೆ ಅರವತ್ತೆಂಟು, ಹೆಂಡತಿಗೆ ಅರವತ್ತೈದು, ನಾಯಿಗೆ ಹನ್ನೊಂದು ವರ್ಷ. ಹನ್ನೊಂದು ವರ್ಷವೆಂದರೆ ನಾಯಿಯ ಲೆಕ್ಕದಲ್ಲಿ ಮೂವರಲ್ಲಿ ಹಿರಿಯನು ಅದೇ. ಊಟದ ಮೇಜಿನ ಮೇಲೆ ನಕ್ಷೆ ಬಿಡಿಸಿಟ್ಟು ಅವರು ಯೋಜನೆ ಹಾಕುತ್ತಿದ್ದಾರೆ. ಮೇಜಿನ ಕೆಳಗೆ ನಾಯಿ ಮಲಗಿದೆ. ಮೇಜಿನ ಮೇಲಿನ ಪ್ರತಿಯೊಂದು ಗೆರೆಯೂ ಕೆಳಗೆ ಮಲಗಿರುವ ಪ್ರಾಣಿಯ ದೇಹದ ಮೇಲೆ ಹಾದುಹೋಗುವ ಗೆರೆಯೇ ಆಗಿರುತ್ತದೆ ಎಂಬುದು ಅವರಿಗೆ ಹೊಳೆದಿದೆಯೆ? ಪ್ರಶ್ನೆಯ ತಿರುಳು ಇಲ್ಲಿದೆ.

ಹಿಂಸೆಯ ಮೂಲ ಕ್ರೌರ್ಯದಲ್ಲಿ ಮಾತ್ರ ಇಲ್ಲ, ಪ್ರಮಾದದಲ್ಲಿಯೂ ಇದೆ ಎಂಬುದು ಆಚಾರ್ಯರು ಬಹು ಹಿಂದೆಯೇ ತಿಳಿಸಿಕೊಟ್ಟ ವಿಚಾರ. ಪ್ರಮಾದವೆಂದರೆ ಎಚ್ಚರ ತಪ್ಪಿದ ಸ್ಥಿತಿ, ಯೋಚಿಸಬೇಕಾದಲ್ಲಿ ಯೋಚಿಸದಿರುವುದು. ನಾಯಿಯನ್ನು ಮಗುವಿನಂತೆ ಪ್ರೀತಿಸುವವರು ಅದನ್ನು ಬೇಕೆಂದು ನೋಯಿಸುವುದಿಲ್ಲ. ಆದರೆ ಪ್ರೀತಿಯು ಎಚ್ಚರಕ್ಕೆ ಬದಲಿಯಾಗಲಾರದು. ಪ್ರೀತಿಯಿರುವಲ್ಲಿ ‘ನಮ್ಮ ಜೊತೆಗಿದ್ದರೆ ಅದಕ್ಕೆ ಏನೂ ಆಗದು’ ಎಂಬ ಭರವಸೆ ಹುಟ್ಟಿಕೊಳ್ಳುವುದರಿಂದ ಎಚ್ಚರವು ಇನ್ನಷ್ಟು ಸಡಿಲಗೊಳ್ಳುವುದೂ ಉಂಟು. ಮುಂದೇನಾಗುವುದೆಂದು ನಾಯಿ ಊಹಿಸಲಾರದು. ಅದರ ಪಾಲಿನ ಊಹೆಯನ್ನೂ ಒಡೆಯನೇ ಮಾಡಬೇಕು. ಹೀಗೆ ನೋಡಿದರೆ ಪ್ರಯಾಣದ ಯೋಜನೆಯೆಂಬುದು ಬರಿಯ ವ್ಯವಹಾರವಲ್ಲ, ಒಂದು ವ್ರತದ ಆಚರಣೆಗೆ ಸಮೀಪವಾದದ್ದು.

ಬಾಹ್ಯ ಪರಿಗ್ರಹಗಳ ಹತ್ತು ವಿಧಗಳ ಎಣಿಕೆಯಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ‘ಚತುಷ್ಪದ’ವೂ ಇದೆ, ‘ಯಾನ’ವೂ ಇದೆ. ನಾಲ್ಕು ಕಾಲಿನದು ಒಂದು ಸ್ವತ್ತು, ವಾಹನವು ಇನ್ನೊಂದು. ನಾಯಿಯೊಡನೆ ಮನೆ-ಗಾಡಿಯಲ್ಲಿ ಹೊರಟವನು ಒಂದು ಪರಿಗ್ರಹವನ್ನು ಮತ್ತೊಂದರೊಳಗೆ ಇಟ್ಟುಕೊಂಡು ಹೊರಟಂತೆ! ಆದರೆ ಎರಡೂ ಒಂದೇ ಬಗೆಯವಲ್ಲ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಗಾಡಿಯು ಆಸ್ತಿಯ ಪುಟಕ್ಕೆ ಸೇರಿದ್ದು. ನಾಯಿಯು ಹೊಣೆಯ ಪುಟಕ್ಕೆ ಸೇರಿದ್ದು. ನಂಬಿ ಇಟ್ಟುಹೋದ ಠೇವಣಿಯನ್ನು ವರ್ತಕನು ತನ್ನ ಬಂಡವಾಳವೆಂದು ಭಾವಿಸಿದ ದಿನವೇ ಅವನ ಲೆಕ್ಕ ಕೆಡುತ್ತದೆ.

ಇನ್ನು ವಿವರಗಳಿಗೆ ಬರಬಹುದು. ಇಂತಹ ವಿಷಯದಲ್ಲಿ ತತ್ತ್ವವು ವಿವರಗಳಲ್ಲಿಯೇ ಅಡಗಿರುತ್ತದೆ.

ಮೊದಲನೆಯದು ದಿನಗಳ ಲೆಕ್ಕ. ಬ್ರಿಟನ್ ಯೂರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ, 2021ರ ಜನವರಿ 1ರಿಂದ ಅಲ್ಲಿನ ಪ್ರಜೆಗಳು ಷೆಂಗೆನ್ ಪ್ರದೇಶದಲ್ಲಿ ವೀಸಾ ಇಲ್ಲದೆ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಗಡಿ ನೋಂದಣಿಯಲ್ಲಿ ಈ ದಿನಗಳನ್ನು ಯಂತ್ರವೇ ಎಣಿಸುತ್ತದೆ. ಡಿಸೆಂಬರ್ 1ರಂದು ಒಳಹೊಕ್ಕವನಿಗೆ ಫೆಬ್ರವರಿ 28 ತೊಂಬತ್ತನೆಯ ದಿನ. ನಾಯಿಯ ಲೆಕ್ಕ ಬೇರೆ. ಅದರ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರಬೇಕು. ಅದಾದ ಮೇಲೆ ರೇಬಿಸ್ ಲಸಿಕೆ. ಮೊದಲ ಲಸಿಕೆಯಾದರೆ 21 ದಿನಗಳ ಕಾಯುವಿಕೆ. ಬ್ರಿಟನ್ನಿನಲ್ಲಿ ಕೊಟ್ಟ ಪ್ರಾಣಿ ಪಾಸ್‌ಪೋರ್ಟುಗಳು 2021ರಿಂದ ಒಕ್ಕೂಟದೊಳಗೆ ಹೋಗಲು ನಡೆಯದಂತಾಗಿ, ಅವುಗಳ ಬದಲು ಆರೋಗ್ಯ ಪ್ರಮಾಣಪತ್ರ ಬಂದಿತು. ಗಡಿ ದಾಟುವ ಮುಂಚಿನ ಹತ್ತು ದಿನಗಳೊಳಗೆ ಅಧಿಕೃತ ಪಶುವೈದ್ಯನು ಅದಕ್ಕೆ ಸಹಿ ಹಾಕಬೇಕು. ಹಿಂದಿರುಗುವಾಗ ಲಾಡಿಹುಳುವಿನ ಔಷಧವನ್ನು ಬ್ರಿಟನ್ನಿಗೆ ಕಾಲಿಡುವುದಕ್ಕೆ 24 ಗಂಟೆಗಿಂತ ಮೊದಲು, ಆದರೆ 120 ಗಂಟೆಗಿಂತ ಹಿಂದೆ ಅಲ್ಲದಂತೆ, ವೈದ್ಯನೇ ಕೊಟ್ಟು ದಾಖಲಿಸಬೇಕು.

ಈ ಕಟ್ಟಳೆಗಳನ್ನು ಬೇಸರದಿಂದ ಹಳಿಯುವವರು ಬಹಳ. ಒಂದು ಸಹಿಗೆ ಇಷ್ಟು ಹಣವೆ ಎಂಬ ಗೊಣಗಾಟ ಎಲ್ಲ ಕಡೆಯೂ ಇದೆ. ಆದರೆ ಗೊಣಗುವವರು ಗಮನಿಸದ ಒಂದು ಸಂಗತಿಯಿದೆ. ಆ ಹತ್ತು ದಿನಗಳ ನಿಯಮದಿಂದಾಗಿ ಹೊರಡುವ ಮುನ್ನ ನಾಯಿಯು ವೈದ್ಯನ ಮುಂದೆ ಒಮ್ಮೆ ನಿಲ್ಲಲೇಬೇಕು. ಯಾರೂ ಕೇಳದ ಒಪ್ಪಿಗೆಯನ್ನು ಅದರ ಪರವಾಗಿ ಕೇಳುವ ಅವಕಾಶವಿರುವುದು ಆ ಅರ್ಧ ಗಂಟೆಯಲ್ಲಿ. ‘ಸಹಿ ಹಾಕಿರಿ’ ಎನ್ನುವ ಬದಲು, ‘ಇದರ ಸೊಂಟ, ಹೃದಯ, ಕಣ್ಣುಗಳು ಮೂರು ತಿಂಗಳ ದಾರಿಯನ್ನು ತಾಳುವವೆ?’ ಎಂದು ಕೇಳುವ ಒಡೆಯನಿಗೆ ಆ ಹಣ ವ್ಯರ್ಥವಾಗಿಲ್ಲ. ಲಸಿಕೆಯ ಅವಧಿಯ ಬಗ್ಗೆಯೂ ಎಚ್ಚರ ಬೇಕು: ಪ್ರಯಾಣದ ನಡುವೆ ಅದು ಒಂದು ದಿನ ತಪ್ಪಿದರೂ ಮುಂದಿನ ಲಸಿಕೆಯನ್ನು ಮೊದಲ ಲಸಿಕೆಯೆಂದೇ ಎಣಿಸುತ್ತಾರೆ, ಮತ್ತೆ 21 ದಿನ ಕಾಯಬೇಕು. ವಿಮೆಯ ಕಂತು ತಪ್ಪಿಸಿದವರಿಗೆ ಈ ನ್ಯಾಯ ಹೊಸದಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಎತ್ತು, ಕುದುರೆ, ಆಳುಗಳಿದ್ದ ಗೃಹಸ್ಥನಿಗಾಗಿ ಹೇಳಿದ ಮಾತುಗಳಿವು. ಇವುಗಳಲ್ಲಿ ಮೂರು ಇಪ್ಪತ್ತೊಂದನೆಯ ಶತಮಾನದ ಮನೆ-ಗಾಡಿಯೊಳಗೂ ಹೊಸ ವೇಷದಲ್ಲಿ ಬಂದು ಕುಳಿತಿರುವುದು ಕುತೂಹಲದ ವಿಷಯ.

ಭಾರದ ಮಾತನ್ನು ಮೊದಲು ನೋಡಬಹುದು. ಬಹುಪಾಲು ಮನೆ-ಗಾಡಿಗಳ ಒಟ್ಟು ತೂಕದ ಮಿತಿ 3,500 ಕಿಲೋಗ್ರಾಂ. ಸಾಧಾರಣ ಚಾಲನಾ ಪರವಾನಗಿಯ ಮಿತಿಯೂ ಅದೇ. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕಿಂತ ಮೊದಲು ಪರೀಕ್ಷೆ ತೇರ್ಗಡೆಯಾದವರಿಗೆ 7,500 ಕಿಲೋಗ್ರಾಂವರೆಗೆ ಅನುಮತಿ ಇದ್ದರೂ, ಎಪ್ಪತ್ತನೆಯ ವಯಸ್ಸಿನಲ್ಲಿ ಅದನ್ನು ಉಳಿಸಿಕೊಳ್ಳಲು ವೈದ್ಯಕೀಯ ಪರೀಕ್ಷೆ ಬೇಕು. ಗಾಡಿಯ ಸ್ವಂತ ತೂಕವನ್ನು ಕಳೆದರೆ ಸಾಮಾನಿಗೆ ಉಳಿಯುವುದು ಕೆಲವು ನೂರು ಕಿಲೋ ಮಾತ್ರ. ತೊಟ್ಟಿಯಲ್ಲಿ ನೂರು ಲೀಟರ್ ನೀರು ತುಂಬಿದರೆ ನೂರು ಕಿಲೋ ಹೋಯಿತು. ಅಡುಗೆ ಅನಿಲದ ಸಿಲಿಂಡರುಗಳು, ಎರಡು ಸೈಕಲ್, ಮಡಿಸುವ ಕುರ್ಚಿಗಳು, ಮೇಲ್ಚಾವಣಿಯ ಚೀಲಗಳು. ಕೊನೆಗೆ ಮೂವತ್ತು ಕಿಲೋ ತೂಗುವ ನಾಯಿ, ಅದರ ಹಾಸಿಗೆ. ಹಿಂದೆ ಪ್ರಾಣಿಯ ಬೆನ್ನಿನ ಮೇಲೆ ಭಾರ ಹೇರುತ್ತಿದ್ದರು. ಈಗ ಪ್ರಾಣಿಯೇ ಭಾರದ ಪಟ್ಟಿಯಲ್ಲಿ ಒಂದು ಸಾಲಾಗಿದೆ. ತೂಕ ಮೀರಿದ ಗಾಡಿಯು ಬ್ರೇಕು ಹಾಕಿದಾಗ ಬೇಗ ನಿಲ್ಲದು, ಅದರ ಟೈರು ಒಡೆಯಬಹುದು; ಆಗ ಜೀವಕ್ಕೆ ಬರುವ ಅಪಾಯವು ಒಳಗಿರುವ ಮೂರೂ ಜೀವಗಳಿಗೆ ಸಮ. ಏನನ್ನು ಕೆಳಗಿಳಿಸಬೇಕು? ಸೈಕಲನ್ನೆ, ಎರಡನೆಯ ಕುರ್ಚಿಯನ್ನೆ, ನಾಯಿಯು ಕಾಲು ಚಾಚಿ ಮಲಗುವ ಹಾಸಿಗೆಯನ್ನೆ? ಪರಿಗ್ರಹ ಪರಿಮಾಣವನ್ನು ಪುಸ್ತಕದಲ್ಲಿ ಓದಿ ತಲೆದೂಗುವುದು ಸುಲಭ. ತೂಕದ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಮುಳ್ಳು ನೋಡಿ, ಒಂದೊಂದೇ ವಸ್ತುವನ್ನು ಕೆಳಗಿಡುವುದು ಅದೇ ಪಾಠದ ಪ್ರಯೋಗ ಭಾಗ.

ಎರಡನೆಯದು ಕಟ್ಟುವುದು. ಚಲಿಸುವ ವಾಹನದಲ್ಲಿ ನಾಯಿಯನ್ನು ಪಟ್ಟಿ ಅಥವಾ ಪಂಜರದಿಂದ ಬಂಧಿಸಿರಬೇಕೆಂದು ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 57ನೆಯ ನಿಯಮ ಹೇಳುತ್ತದೆ. ಅಪಘಾತದಲ್ಲಿ ಸಡಿಲವಾಗಿರುವ ನಾಯಿಯು ಎಸೆಯಲ್ಪಡುತ್ತದೆ. ಆದ್ದರಿಂದ ಈ ಬಂಧನ ದಯೆಯೇ. ಶ್ರಾವಕಾಚಾರದ ವ್ಯಾಖ್ಯಾನಕಾರರೂ ಕಾರಣವಿದ್ದು ಕಟ್ಟುವುದನ್ನು ಕಾರಣವಿಲ್ಲದೆ ಕಟ್ಟುವುದರಿಂದ ಬೇರ್ಪಡಿಸಿದ್ದಾರೆ. ಬೆಂಕಿ ಬಿದ್ದಾಗ ಬಿಚ್ಚಿಬಿಡಲು ಬರುವಂತೆ ಗಂಟು ಸಡಿಲವಾಗಿರಬೇಕೆಂಬ ಸೂಕ್ಷ್ಮವನ್ನೂ ಹೇಳಿದ್ದಾರೆ. ಗಾಡಿಯು ನಿಂತ ಮೇಲಿನ ಬಂಧನವೇ ಚಿಂತೆಗೆ ಕಾರಣ. ಗ್ರನಾಡಾ ನಗರಕ್ಕೆ ಬಂದವರು ಅಲ್‌ಹಂಬ್ರಾ ಅರಮನೆಯನ್ನು ನೋಡದೆ ಹೋಗಲಾರರು. ಅಂಧರ ಮಾರ್ಗದರ್ಶಿ ನಾಯಿಗಳಂಥವನ್ನು ಬಿಟ್ಟರೆ ಅಲ್ಲಿ ನಾಯಿಗೆ ಪ್ರವೇಶವಿಲ್ಲ. ಆಗ ನಾಯಿ ಗಾಡಿಯೊಳಗೆ, ಬಾಗಿಲಿಗೆ ಬೀಗ. ಹೊರಗೆ ಹಿತವಾದ ಬಿಸಿಲೆಂದು ಕಂಡರೂ ಗಾಜು ಮುಚ್ಚಿದ ವಾಹನದೊಳಗೆ ಶಾಖ ಬೇಗನೆ ಏರುತ್ತದೆ. ಚಳಿಗಾಲವಾದ್ದರಿಂದ ಭಯವಿಲ್ಲವೆಂಬ ಮಾತು ಅರ್ಧಸತ್ಯ.

ಈ ವಿಷಯದಲ್ಲಿ ಸ್ಪೇನ್ ದೇಶದ ಶಾಸನವು ಗಮನಾರ್ಹವಾದ ಒಂದು ಮಾತನ್ನು ಹೇಳಿದೆ. 2023ರ ಸೆಪ್ಟೆಂಬರ್ 29ರಂದು ಜಾರಿಗೆ ಬಂದ ಅಲ್ಲಿನ ಪ್ರಾಣಿ ಕಲ್ಯಾಣ ಕಾನೂನಿನಂತೆ ನಾಯಿಯನ್ನು 24 ಗಂಟೆಗೆ ಮೀರಿ ಒಂಟಿಯಾಗಿ ಬಿಡಬಾರದು. ಬಾಲ್ಕನಿ, ನೆಲಮಾಳಿಗೆ, ಅಂಗಳ, ವಾಹನಗಳಲ್ಲಿ ನಾಯಿಯನ್ನು ರೂಢಿಯಾಗಿ ಇಡಬಾರದು. ಮನೆ-ಗಾಡಿಯು ಮನೆಯೋ ವಾಹನವೋ? ಒಡೆಯರು ಒಳಗಿದ್ದು ಒಲೆ ಹಚ್ಚಿ ನಾಯಿಯು ಅವರ ಕಾಲ ಬಳಿ ಮಲಗಿರುವಾಗ ಅದು ಮನೆ. ಅವರು ಬೀಗ ಹಾಕಿ ಹೊರಟ ಕ್ಷಣದಲ್ಲಿ ಅದೇ ಗೋಡೆಗಳ ನಡುವೆ ಅದು ವಾಹನವಾಗುತ್ತದೆ. ಇದು ಕಾನೂನಿನ ವ್ಯಾಖ್ಯಾನವಲ್ಲ, ನಾಯಿಯ ಅನುಭವದ ವ್ಯಾಖ್ಯಾನ. ಆದ್ದರಿಂದ ಅರಮನೆಯನ್ನು ಗಂಡ ಒಂದು ದಿನ, ಹೆಂಡತಿ ಇನ್ನೊಂದು ದಿನ ನೋಡುವುದು ಉತ್ತಮ. ಹೀಗೆ ಮಾಡಿದರೆ ಜೊತೆಯಾಗಿ ನೋಡುವ ಸುಖ ಕಳೆದುಹೋಗುತ್ತದೆಯೆಂಬುದು ನಿಜ. ಅಷ್ಟು ಬೆಲೆಯನ್ನು ತೆರಲು ಮನಸ್ಸಿಲ್ಲದವರು ನಾಯಿಯನ್ನು ಜೊತೆಗೆ ಒಯ್ಯುವ ಮಾತನ್ನು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

ಅನ್ನಪಾನದ ಮಾತು ಚಿಕ್ಕದು. ಬ್ರಿಟನ್ನಿನಿಂದ ಒಕ್ಕೂಟದ ದೇಶಗಳಿಗೆ ಮಾಂಸ, ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಮಾಂಸ ಬೆರೆತ ಸಾಧಾರಣ ನಾಯಿಯಾಹಾರಕ್ಕೂ ಈ ನಿಷೇಧ ತಗಲುತ್ತದೆ. ಹಳೆಯ ಆಹಾರ ಗಡಿಯಲ್ಲಿ ನಿಂತು, ಹೊಸದು ಅದೇ ಸಂಜೆ ತಟ್ಟೆಗೆ ಬಂದರೆ ವೃದ್ಧ ನಾಯಿಯ ಹೊಟ್ಟೆ ಕೆಡುವುದು ಖಂಡಿತವೆನ್ನಬಹುದು. ಅಲ್ಲಿ ಸಿಗುವ ಆಹಾರ ಯಾವುದೆಂದು ಮೊದಲೇ ತಿಳಿದು, ಮನೆಯಲ್ಲಿಯೇ ಒಂದು ವಾರ ಸ್ವಲ್ಪಸ್ವಲ್ಪವಾಗಿ ಬದಲಾಯಿಸುವವನು ಅನ್ನಪಾನನಿರೋಧದ ಸೂಕ್ಷ್ಮ ರೂಪವನ್ನು ತಪ್ಪಿಸಿದಂತೆ.

ದಾರಿಯ ಆಯ್ಕೆಯಲ್ಲಿ ಎರಡು ಪಕ್ಷಗಳಿವೆ. ಪೋರ್ಟ್ಸ್‌ಮತ್ ಅಥವಾ ಪ್ಲಿಮತ್‌ನಿಂದ ಸ್ಯಾಂಟಾಂಡರ್‌ಗೆ ಹಡಗು ಏರಿದರೆ ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು. ಚಳಿಗಾಲದ ಬಿಸ್ಕೇ ಕೊಲ್ಲಿ ಒರಟಾದ ಕಡಲು. ನಾಯಿಯೊಡನೆ ಇರಬಹುದಾದ ಕೋಣೆಗಳು ಆ ಹಡಗುಗಳಲ್ಲಿ ಎಣಿಕೆಯವು, ಬೇಗನೆ ತುಂಬಿಹೋಗುತ್ತವೆ. ಕಾಲುವೆಯಡಿಯ ಸುರಂಗದ ರೈಲಿನಲ್ಲಿ 35 ನಿಮಿಷ ಸಾಕು, ನಾಯಿ ಒಡೆಯನ ಪಕ್ಕದಲ್ಲೇ ಇರುತ್ತದೆ. ಆದರೆ ಕ್ಯಾಲೆಯಿಂದ ಸ್ಪೇನಿನ ಗಡಿಗೆ ಸುಮಾರು ಸಾವಿರ ಕಿಲೋಮೀಟರ್, ಅಲ್ಲಿಂದ ದಕ್ಷಿಣ ತೀರಕ್ಕೆ ಇನ್ನೂ ಅಷ್ಟೇ. ಸಮಯದ ಲೆಕ್ಕದಲ್ಲಿ ಹಡಗು ಗೆಲ್ಲುತ್ತದೆ. ಆದರೆ ಹಡಗಿನಲ್ಲಿ ಸಂಕಟವಾದರೆ ನಿಲ್ಲಿಸುವಂತಿಲ್ಲ, ರಸ್ತೆಯಲ್ಲಿ ನಿಲ್ಲಿಸಬಹುದು. ದಿನಕ್ಕೆ ಇನ್ನೂರೈವತ್ತು ಕಿಲೋಮೀಟರಿಗೆ ಮೀರದೆ, ಎರಡು ಗಂಟೆಗೊಮ್ಮೆ ನಾಯಿಯನ್ನು ಇಳಿಸುತ್ತ ಹೋಗುವ ದಾರಿಯೇ ಮೇಲೆಂದು ತೋರುತ್ತದೆ. ತೊಂಬತ್ತರಲ್ಲಿ ಎಂಟು ಹತ್ತು ದಿನ ಹೀಗೆ ಕಳೆದುಹೋದರೆ ಹೋಗಲಿ. ಸ್ಪೇನ್ ಎಂದರೆ ಎಲ್ಲೆಲ್ಲೂ ಬಿಸಿಲು ಎಂಬ ಭ್ರಮೆಯೂ ಬೇಡ: ಹಾದಿಯಲ್ಲಿ ಸಿಗುವ ಬುರ್ಗೋಸ್ ಪಟ್ಟಣವು ಸಮುದ್ರಮಟ್ಟದಿಂದ 850 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಜನವರಿಯ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬ್ಯೂಟೇನ್ ಅನಿಲ ಆವಿಯಾಗದೆ ಒಲೆಯೂ ಹೀಟರೂ ಆರಿಹೋಗುತ್ತವೆ, ಪ್ರೋಪೇನ್ ಬೇಕು. ರಾತ್ರಿ ಎರಡಕ್ಕೆ ಹೀಟರ್ ಆರಿದಾಗ ಮನುಷ್ಯನು ಇನ್ನೊಂದು ಕಂಬಳಿ ಎಳೆದುಕೊಳ್ಳುತ್ತಾನೆ. ನಾಯಿಯು ಎದ್ದು ಬಂದು ಹಾಸಿಗೆಯ ಬಳಿ ನಿಲ್ಲುತ್ತದೆ.

ಇನ್ನೊಂದು ಅಪಾಯವು ಚಳಿಗಾಲದ ಪ್ರವಾಸಿಗೇ ವಿಶೇಷವಾದದ್ದು. ಅದರಲ್ಲಿ ಅಹಿಂಸೆಯ ಪ್ರಶ್ನೆಯೂ ಎರಡು ಪಟ್ಟು ಕಠಿನವಾಗುತ್ತದೆ. ಸ್ಪೇನ್, ಪೋರ್ಚುಗಲ್‌ಗಳ ಪೈನ್ ಮರಗಳ ತುದಿಯಲ್ಲಿ ಬಿಳಿಯ ರೇಷ್ಮೆಯ ಗೂಡು ಕಟ್ಟಿ ಒಂದು ಜಾತಿಯ ಕಂಬಳಿಹುಳುಗಳು ಬದುಕುತ್ತವೆ. ಜನವರಿಯಿಂದ ಏಪ್ರಿಲ್‌ವರೆಗೆ, ಚಳಿ ಇಳಿಯುವ ಹೊತ್ತಿಗೆ, ಅವು ಮರದಿಂದಿಳಿದು ಒಂದರ ಹಿಂದೊಂದು ಸಾಲಾಗಿ ಮೆರವಣಿಗೆಯಂತೆ ನೆಲದ ಮೇಲೆ ಸಾಗಿ, ಮಣ್ಣಿನೊಳಗೆ ಹೊಕ್ಕು ಕೋಶಾವಸ್ಥೆಗೆ ಹೋಗುತ್ತವೆ. ಅವುಗಳ ಮೈಮೇಲಿನ ಅತಿಸೂಕ್ಷ್ಮ ರೋಮಗಳು ವಿಷಮಯ. ಮೂಸಿ ನೋಡಿದ ನಾಯಿಯ ನಾಲಿಗೆ ಬಾತು, ಒಮ್ಮೊಮ್ಮೆ ನಾಲಿಗೆಯ ಒಂದು ಭಾಗವೇ ಕೊಳೆತು ಉದುರುತ್ತದೆ. ಉಸಿರು ಕಟ್ಟಿ ಸಾವು ಬರುವುದೂ ಉಂಟು. ಉಜ್ಜದೆ ನೀರಿನಿಂದ ತೊಳೆದು ಕೂಡಲೆ ವೈದ್ಯನಲ್ಲಿಗೆ ಒಯ್ಯಬೇಕು.

ಇಲ್ಲಿ ಯಾರ ತಪ್ಪು? ಹುಳುಗಳು ತಮ್ಮ ಜನ್ಮದ ದಾರಿಯಲ್ಲಿ ನಡೆದಿವೆ. ನಾಯಿ ತನ್ನ ಜನ್ಮಸ್ವಭಾವದಂತೆ ಮೂಸಿದೆ. ಎರಡನ್ನೂ ಒಂದೆಡೆ ತಂದವನು ಮೂರನೆಯವನು. ಗೂಡುಗಳನ್ನು ಸುಟ್ಟುಹಾಕಬೇಕೆನ್ನುವ ಪ್ರವಾಸಿಗಳಿದ್ದಾರೆ. ತಮ್ಮ ಮೂರು ತಿಂಗಳ ಬಿಸಿಲಿಗಾಗಿ ಆ ನೆಲದ ಸಾವಿರಾರು ಜೀವಗಳು ಸಾಯಬೇಕೆಂಬುದು ವಿಚಿತ್ರವಾದ ನ್ಯಾಯ. ಮಳೆಗಾಲದಲ್ಲಿ ನೆಲದ ಮೇಲೆ ಜೀವಿಗಳು ತುಂಬಿರುವಾಗ ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸಕ್ಕೆ ಕೂರುತ್ತಾರೆ. ನೆಲವನ್ನು ತೆರವು ಮಾಡಿಸುವುದಿಲ್ಲ, ತಾವೇ ನಿಲ್ಲುತ್ತಾರೆ. ಗೃಹಸ್ಥ ಪ್ರವಾಸಿಗೆ ಅಷ್ಟು ಬೇಕಿಲ್ಲ. ಜನವರಿಯ ನಂತರ ಪೈನ್ ಮರಗಳಿಲ್ಲದ ತಂಗುದಾಣವನ್ನು ಆರಿಸಿಕೊಂಡು, ನಡೆಯುವಾಗ ಹಗ್ಗವನ್ನು ಚಿಕ್ಕದಾಗಿ ಹಿಡಿದರೆ ಸಾಕು. ನಕ್ಷೆಯ ಮೇಲೆ ನೆರಳು ಕಂಡಲ್ಲೆಲ್ಲ ಗುರುತು ಹಾಕುವ ಕೈ ಒಮ್ಮೆ ತಡೆದು, ಆ ನೆರಳು ಯಾವ ಮರದ್ದೆಂದು ಕೇಳಬೇಕು.

ಮೊರಾಕೊ ದೇಶದ ಮಾತನ್ನು ಹೇಳದೆ ಬಿಡಲಾಗದು. ತೊಂಬತ್ತು ದಿನಗಳ ಮಿತಿಯಿಂದ ಬೇಸತ್ತವರು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಆಲ್ಖೆಸಿರಾಸ್ ಬಂದರಿನಿಂದ ಜಲಸಂಧಿಯನ್ನು ದಾಟಿ ಮೊರಾಕೊಗೆ ಹೋದರೆ ಷೆಂಗೆನ್ ಗಡಿಯಾರ ನಿಲ್ಲುತ್ತದೆ. ಅಲ್ಲಿ ಕೆಲವು ವಾರ ಕಳೆದು ಚಳಿಗಾಲವನ್ನು ಉದ್ದಮಾಡಬಹುದು. ಮನುಷ್ಯರಿಗೆ ಇದು ಜಾಣತನ. ನಾಯಿಗೆ? ಬೀದಿನಾಯಿಗಳಲ್ಲಿ ರೇಬಿಸ್ ಇನ್ನೂ ಇರುವ ದೇಶವದು. ಅಲ್ಲಿಂದ ಹಿಂದಿರುಗುವ ನಾಯಿಗೆ ರಕ್ತಪರೀಕ್ಷೆ ಬೇಕು: ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ತೆಗೆದ ರಕ್ತದಲ್ಲಿ ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಮಾನಕ್ಕೆ ಕಡಿಮೆಯಿರಬಾರದು. ಇದನ್ನು ಮೊದಲೇ ಮಾಡಿಸಿ ದಾಖಲಿಸದೆ ಹೋದವರು ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕಾಗುತ್ತದೆ. ಒಡೆಯನ ದಿನಗಳ ಸಾಲವನ್ನು ನಾಯಿಯ ಖಾತೆಯಿಂದ ತೀರಿಸುವ ವ್ಯವಹಾರವಿದು. ಹನ್ನೊಂದು ವರ್ಷದ ನಾಯಿಯೊಡನೆ ಹೊರಟವರು ಜಲಸಂಧಿಯ ಈಚೆಗೇ ನಿಲ್ಲುವುದು ಲೇಸು. ಇದರಲ್ಲಿ ಎರಡು ಮಾತಿಗೆ ಎಡೆಯಿರುವಂತೆ ಕಾಣುವುದಿಲ್ಲ.

ಇಷ್ಟನ್ನೆಲ್ಲ ಓದಿದ ವಾಚಕರಿಗೆ ನಾಯಿಯನ್ನು ಒಯ್ಯುವುದೇ ತಪ್ಪೆಂಬ ಅಭಿಪ್ರಾಯ ಉಂಟಾದೀತು. ಹಾಗೆ ಹೇಳುವುದು ಏಕಾಂತವಾದ. ಬಿಟ್ಟುಹೋಗುವುದೂ ಒಂದು ಕ್ರಿಯೆಯೇ, ಅದಕ್ಕೂ ಫಲವುಂಟು. ತನ್ನ ಜನ ಎಲ್ಲಿ ಹೋದರು, ಬರುವರೋ ಇಲ್ಲವೋ ಎಂದು ತಿಳಿಯದ ಪ್ರಾಣಿಗೆ ಬಾಡಿಗೆಯ ನಾಯಿಮನೆಯ ಮೂರು ತಿಂಗಳೆಂದರೆ ಎಣಿಸಲು ಬಾರದ ಕಾಲ. ಮನೆ-ಗಾಡಿಯಲ್ಲಾದರೋ ಅದರ ಒಡೆಯರು ಹಗಲಿರುಳೂ ಕೆಲವೇ ಹೆಜ್ಜೆಗಳ ದೂರದಲ್ಲಿರುತ್ತಾರೆ. ಸ್ವಂತ ಊರಿನಲ್ಲಿ ದಿನದ ಅರ್ಧವನ್ನು ಮುಚ್ಚಿದ ಮನೆಯಲ್ಲಿ ಒಂಟಿಯಾಗಿ ಕಳೆಯುವ ನಾಯಿಗಿಂತ ಇದು ಹೆಚ್ಚಿನ ಭಾಗ್ಯ. ಬೇಸಿಗೆಯಲ್ಲಿ ನಾಯಿಗಳನ್ನು ತಡೆಯುವ ಸ್ಪೇನಿನ ಹಲವು ಕಡಲತೀರಗಳು ಚಳಿಗಾಲದಲ್ಲಿ ಅವುಗಳಿಗೆ ತೆರೆದಿರುತ್ತವೆ. ಮರಳುನೊಣದಿಂದ ಹರಡುವ ಲೀಷ್ಮೇನಿಯಾಸಿಸ್ ಎಂಬ ರೋಗದ ಭಯವೂ ಬೇಸಿಗೆಗಿಂತ ಚಳಿಗಾಲದಲ್ಲಿ ಕಡಿಮೆ. ಮನುಷ್ಯನಿಗೆ ಹೊಸ ಊರೆಂದರೆ ನೋಟ; ನಾಯಿಗೆ ವಾಸನೆ. ಮಂಡಿನೋವಿನ ಮುದಿ ನಾಯಿ ಬೆಚ್ಚನೆಯ ಮರಳಿನ ಮೇಲೆ ಮಲಗಿ ಮೂಗನ್ನು ಗಾಳಿಗೆ ಎತ್ತಿರುವುದನ್ನು ಕಂಡವನು ಅದಕ್ಕೆ ಸುಖವಿಲ್ಲವೆಂದು ಹೇಳಲಾರ.

ಆದರೆ ಎಲ್ಲ ನಾಯಿಗಳೂ ಒಂದಲ್ಲ. ಕೆಲವು ಮನುಷ್ಯನಿಗೆ ಅಂಟಿಕೊಂಡಿರುತ್ತವೆ, ಕೆಲವು ನೆಲೆಗೆ. ಕಣ್ಣು ಮಂಜಾದ ನಾಯಿಯು ಮೆಟ್ಟಿಲು, ಬಾಗಿಲು, ನೀರಿನ ತಟ್ಟೆಗಳನ್ನು ನೆನಪಿನಿಂದ ಹುಡುಕುತ್ತದೆ. ದಿನಕ್ಕೊಂದು ಊರಿನಲ್ಲಿ ಬಾಗಿಲು ತೆರೆದರೆ ಅದಕ್ಕೆ ಪ್ರತಿದಿನವೂ ಕುರುಡು ಹೊಸದಾಗಿ ಬಂದಂತೆ. ಅಂತಹ ನಾಯಿಗೆ ಒಂದೇ ತಂಗುದಾಣದಲ್ಲಿ ಎರಡು ತಿಂಗಳು ನಿಲ್ಲುವ ಯೋಜನೆ ಸರಿಹೋದೀತು. ಊರೂರು ಸುತ್ತುವ ಯೋಜನೆ ಸರಿಹೋಗದು. ಮೇಜಿನ ಮೇಲಿನ ನಕ್ಷೆಯನ್ನು ಅದಕ್ಕೆ ತಕ್ಕಂತೆ ಚಿಕ್ಕದಾಗಿಸಿಕೊಳ್ಳಬೇಕು. ದಿಗ್ವ್ರತವನ್ನು ಹಿಡಿದ ಶ್ರಾವಕನು ತನ್ನ ಸಂಚಾರಕ್ಕೆ ತಾನೇ ಎಲ್ಲೆ ಗೊತ್ತುಮಾಡಿಕೊಳ್ಳುತ್ತಾನೆ. ಇಲ್ಲಿ ಎಲ್ಲೆಯನ್ನು ಗೊತ್ತುಮಾಡುವುದು ನಾಯಿಯ ಮಂಡಿ.

ಯಾರೂ ಮೇಜಿನ ಮುಂದೆ ಎತ್ತಲು ಬಯಸದ ಒಂದು ವಿಷಯ ಉಳಿದಿದೆ. ಮನೆಯಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ನಾಯಿಗೆ ಕಾಯಿಲೆಯಾದರೆ ಏನು ಮಾಡುವುದು? ಭಾಷೆ ತಿಳಿಯದ ವೈದ್ಯ, ಗೊತ್ತಿಲ್ಲದ ಊರು, ಮುಂಗಡ ಹಣ ಕಟ್ಟಿದ ತಂಗುದಾಣ, ತಿಂಗಳ ನಂತರದ ಟಿಕೆಟ್ಟು. ಆ ಹೊತ್ತಿನಲ್ಲಿ ಮಾಡುವ ತೀರ್ಮಾನಗಳಲ್ಲಿ ನಾಯಿಯ ನೋವಿನ ಜೊತೆಗೆ ಕಟ್ಟಿದ ಹಣದ ನೋವೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಮುದಿ ನಾಯಿಯನ್ನು ಸೂಜಿಮದ್ದಿನಿಂದ ಮಲಗಿಸಿಬಿಡುವುದು ಆ ದೇಶಗಳಲ್ಲಿ ಸಾಮಾನ್ಯ. ಅದರ ಯುಕ್ತಾಯುಕ್ತತೆ ಬೇರೆಯೇ ಲೇಖನದ ವಿಷಯ. ಆದರೆ ಊರಿಗೆ ಮರಳುವ ತೊಂದರೆಯನ್ನು ತಪ್ಪಿಸಿಕೊಳ್ಳಲು ಆ ಸೂಜಿಯನ್ನು ಆರಿಸಿಕೊಳ್ಳುವಂತಹ ಸ್ಥಿತಿಗೆ ತನ್ನನ್ನು ತಂದುಕೊಳ್ಳದಿರುವುದು ಒಡೆಯನ ಕೈಯಲ್ಲಿದೆ, ಹೊರಡುವ ಮುಂಚೆ.

ಜೀವಂಧರನ ಕಥೆಯನ್ನು ಬಲ್ಲ ವಾಚಕರಿಗೆ ಇಲ್ಲೊಂದು ನೆನಪು ಬಂದೀತು. ಕನ್ನಡದಲ್ಲಿ 1424ರಲ್ಲಿ ಭಾಸ್ಕರಕವಿಯು ಷಟ್ಪದಿಯಲ್ಲಿ ಹಾಡಿದ ಕಥೆಯದು. ಯಜ್ಞದ ಅನ್ನವನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಬಳಿ ರಾಜಕುಮಾರನು ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದನು. ಅದು ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಯಿತು. ಕಥೆಯ ಫಲಶ್ರುತಿಯನ್ನು ಬದಿಗಿಟ್ಟರೂ ಒಂದು ಸಂಗತಿ ಉಳಿಯುತ್ತದೆ. ಅವನಿಗೆ ಹೋಗಬೇಕಾದ ಊರಿತ್ತು, ಜೊತೆಯವರಿದ್ದರು. ಆದರೂ ಅವನು ನಿಂತನು.

ಆದ್ದರಿಂದ ಯೋಜನೆಯ ಪುಸ್ತಕದಲ್ಲಿ ಮೊದಲ ಪುಟದಲ್ಲಿಯೇ ಬರೆಯಬೇಕಾದದ್ದು ಹಿಂದಿರುಗುವ ಶರತ್ತು. ಯಾವ ಲಕ್ಷಣ ಕಂಡರೆ ಅಂದೇ ಗಾಡಿಯ ಮುಖ ಉತ್ತರಕ್ಕೆ ತಿರುಗಬೇಕು, ಬದಲಾಯಿಸಬಹುದಾದ ಟಿಕೆಟ್ಟಿಗೆ ಎಷ್ಟು ಹೆಚ್ಚು ಹಣ ತೆರಬೇಕು, ಹಾದಿಯಲ್ಲಿ ಯಾವ ಯಾವ ಊರಿನಲ್ಲಿ ರಾತ್ರಿಯೂ ತೆರೆದಿರುವ ಪಶುವೈದ್ಯಶಾಲೆಯಿದೆ, ವಿಮೆಯು ಹೊರದೇಶದಲ್ಲಿ ಎಷ್ಟು ದಿನದವರೆಗೆ ನಡೆಯುತ್ತದೆ, ಇವನ್ನು ಗಂಡಹೆಂಡಿರು ಮನಸ್ಸು ಶಾಂತವಾಗಿರುವಾಗ ಬರೆದಿಡಬೇಕು. ಬದಲಾಯಿಸಲಾಗದ ಅಗ್ಗದ ಟಿಕೆಟ್ಟನ್ನು ಕೊಂಡವರು ಉಳಿಸಿದ ಹಣಕ್ಕೆ ಜಾಮೀನಾಗಿ ನಾಯಿಯನ್ನು ಇಟ್ಟಿರುತ್ತಾರೆ.

ಅಂತೂ ನವೆಂಬರಿನ ಕೊನೆಯಲ್ಲಿ ದಂಪತಿಗಳು ನಾಯಿಯನ್ನು ವೈದ್ಯನ ಮೇಜಿನ ಮೇಲೆ ನಿಲ್ಲಿಸುತ್ತಾರೆಂದು ಭಾವಿಸೋಣ. ವೈದ್ಯನು ಎದೆಯ ಬಡಿತವನ್ನು ಕೇಳಿ, ಸೊಂಟವನ್ನು ಒತ್ತಿ ನೋಡಿ, ಈ ವರ್ಷ ಬೇಡವೆಂದರೆ ಮುಂಗಡ ಹಣದಲ್ಲಿ ಒಂದಿಷ್ಟು ಹೋಗುತ್ತದೆ, ಅಲ್ಮೇರಿಯಾದ ಬಿಸಿಲೂ ಹೋಗುತ್ತದೆ. ಗಾಡಿ ಮಾತ್ರ ಮನೆಯ ಮುಂದೆಯೇ ಇದೆ. ಇಂಗ್ಲೆಂಡಿನ ನೈರುತ್ಯದ ಕಾರ್ನ್‌ವಾಲ್ ತೀರದಲ್ಲಿಯೂ ಚಳಿಗಾಲದಲ್ಲಿ ತೆರೆದಿರುವ ತಂಗುದಾಣಗಳಿವೆ. ಮಳೆ ಹೆಚ್ಚು, ಆದರೆ ಹಿಮ ಅಪರೂಪ. ಅಲ್ಲಿಗೆ ಹೋಗಲು ನಾಯಿಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ, ಅದು ಬಲ್ಲ ವೈದ್ಯನಲ್ಲಿಗೆ ಒಂದು ದಿನದಲ್ಲಿ ಮರಳಬಹುದು.